ನೀರು ಹೋದ ದಾರಿಯಲ್ಲಿ: ಶ್ರೀರಂಗಪಟ್ಟಣವನ್ನು ನಡೆದು ನೋಡುವುದು ಹೇಗೆ?

ಶ್ರೀರಂಗಪಟ್ಟಣಕ್ಕೆ ಹತ್ತು ಸಲ ಹೋಗಿ ಬಂದವರಿಗೂ ಅದೊಂದು ದ್ವೀಪ ಎಂಬುದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಹೆದ್ದಾರಿಯಲ್ಲಿ ಬಂದು ರಂಗನಾಥನ ಮುಂದೆ ವಾಹನ ನಿಲ್ಲಿಸುತ್ತೇವೆ. ಅಲ್ಲಿಂದ ದರಿಯಾ ದೌಲತ್, ಅಲ್ಲಿಂದ ಗುಂಬಜ್, ಅಲ್ಲಿಂದ ನಿಮಿಷಾಂಬ. ಊಟದ ಹೊತ್ತಿಗೆ ಮೈಸೂರು. ನಾನೂ ಬಹಳ ವರ್ಷ ಹೀಗೆಯೇ ನೋಡಿದ್ದೆ. ಒಂದು ಡಿಸೆಂಬರಿನಲ್ಲಿ ಆಟೊ ಸಿಗದೆ ಕೋಟೆಯಿಂದ ಸಂಗಮದವರೆಗೆ ನಡೆಯಬೇಕಾಯಿತು. ಗುಡಿ, ಮಸೀದಿ, ಚರ್ಚು, ಗೋರಿ ಎಂದು ಬಿಡಿಬಿಡಿಯಾಗಿ ನೋಡಿದ್ದೆಲ್ಲ ಒಂದೇ ನದಿಯ ಸಾಲಿನಲ್ಲಿ ಕುಳಿತಿದೆ ಎಂದು ನನಗೆ ಅರಿವಾದದ್ದು ಅಂದು. ಆಮೇಲೆ ಪ್ರತಿವರ್ಷ ಒಮ್ಮೆಯಾದರೂ ಆ ದಾರಿಯನ್ನು ನಡೆಯುತ್ತೇನೆ.

ದ್ವೀಪದ ಉದ್ದ ಸುಮಾರು 5 ಕಿಲೋಮೀಟರ್. ಪಶ್ಚಿಮದ ತುದಿಯಲ್ಲಿ ಕಾವೇರಿ ಎರಡಾಗಿ ಒಡೆಯುತ್ತಾಳೆ, ಪೂರ್ವದ ತುದಿಯಲ್ಲಿ ಮತ್ತೆ ಕೂಡುತ್ತಾಳೆ. ಕೋಟೆ ಇರುವುದು ಒಡೆಯುವ ಕಡೆ, ಸಂಗಮ ಇರುವುದು ಕೂಡುವ ಕಡೆ. ಆದ್ದರಿಂದ ನಡಿಗೆಯ ನಿಯಮ ಒಂದೇ: ಉತ್ತರದ ಕವಲನ್ನು ಎಡಗೈಗೆ ಇಟ್ಟುಕೊಂಡು ನೀರು ಹೋಗುವ ದಿಕ್ಕಿನಲ್ಲಿ ಹೋಗಿ. ಒಳಹೊಕ್ಕು ಹೊರಬರುವ ಸುತ್ತುಗಳನ್ನು ಸೇರಿಸಿದರೆ ಏಳೆಂಟು ಕಿಲೋಮೀಟರ್ ಆಗುತ್ತದೆ. ಏರುಗಳಿಲ್ಲ. ಹತ್ತು ವರ್ಷದ ಮಕ್ಕಳೂ ಅರವತ್ತು ದಾಟಿದವರೂ ನಡೆಯಬಹುದು, ಆದರೆ ಅರ್ಧ ದಿನ ಬಿಡುವಿರಬೇಕು.

ಮೊದಲು ದಿನ ಗೊತ್ತುಮಾಡಿಕೊಳ್ಳಿ

ಪಂಚಾಂಗಕ್ಕಿಂತ ಮೊದಲು ಪತ್ರಿಕೆಯಲ್ಲಿ ಕೆಆರ್‌ಎಸ್ ಜಲಾಶಯದ ಮಟ್ಟವನ್ನು ನೋಡಿ. ಮೈಸೂರು, ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಒಳಹರಿವು, ಹೊರಹರಿವು ಓದದೆ ನಮ್ಮ ಕಡೆ ಕಾಫಿ ಇಳಿಯುವುದಿಲ್ಲ. ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಕಟ್ಟೆ ಅದರ ಹತ್ತಿರಕ್ಕೆ ತುಂಬಿ ಹೊರಹರಿವು ಲಕ್ಷ ಕ್ಯೂಸೆಕ್ ಸಮೀಪಿಸಿದರೆ ಸ್ನಾನಘಟ್ಟ, ಪಶ್ಚಿಮವಾಹಿನಿ, ಸಂಗಮದ ಮೆಟ್ಟಿಲುಗಳು ನೀರಿನಡಿಗೆ ಹೋಗುತ್ತವೆ, ದಡಕ್ಕೆ ಯಾರನ್ನೂ ಬಿಡುವುದಿಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇದು ಆಗುವಂಥದ್ದೇ. ಹೊಳೆಯ ಆ ರೂಪವನ್ನು ಸೇತುವೆಯ ಮೇಲೆ ನಿಂತು ನೋಡಿ ಕೈಮುಗಿದು ಬನ್ನಿ, ನಡಿಗೆಯನ್ನು ಮುಂದಕ್ಕೆ ಹಾಕಿ. ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ.

ಅಮಾವಾಸ್ಯೆಯ ದಿನ ದಡದಲ್ಲಿ ಪಿತೃಕಾರ್ಯದ ಜನಸಂದಣಿ ಇರುತ್ತದೆ. ಶುಕ್ರವಾರ ಮಧ್ಯಾಹ್ನ ಮಸೀದಿಯಲ್ಲಿ ನಮಾಜು. ವೈಕುಂಠ ಏಕಾದಶಿಯಂದು ರಂಗನಾಥನ ಬಾಗಿಲಲ್ಲಿ ನಿಂತರೆ ಸರದಿಯಲ್ಲಿಯೇ ದಿನ ಕಳೆಯುತ್ತದೆ. ಮಕರ ಸಂಕ್ರಾಂತಿಯ ಸಂಜೆ ದೇವಾಲಯದ ಮುಂದೆ ಲಕ್ಷದೀಪೋತ್ಸವ. ಅದನ್ನು ನೋಡಲೇಬೇಕು, ಆದರೆ ಅದಕ್ಕೆ ಬೇರೆಯೇ ದಿನ ಎತ್ತಿಡಿ.

ಏನು ಒಯ್ಯಬೇಕು

ನೀರು, ಟೋಪಿ, ಒಂದು ಟವೆಲ್, ಮತ್ತು ಬಟ್ಟೆಯ ಚೀಲ. ಚೀಲ ಚಪ್ಪಲಿಗೆ. ಈ ದಾರಿಯಲ್ಲಿ ನಾಲ್ಕೈದು ಸಲ ಚಪ್ಪಲಿ ಬಿಡಬೇಕಾಗುತ್ತದೆ, ಒಳಹೋದ ಬಾಗಿಲಿನಿಂದಲೇ ಹೊರಬರುತ್ತೇವೆ ಎಂಬ ಖಾತರಿ ಇಲ್ಲ. ಹನ್ನೊಂದು ಗಂಟೆಯ ಮೇಲೆ ಕಲ್ಲುಹಾಸು ಕಾಯುತ್ತದೆ. ಮಕ್ಕಳಿದ್ದರೆ ಕಾಲುಚೀಲ ಇರಲಿ. ಭುಜ, ಮಂಡಿ ಮುಚ್ಚುವ ಉಡುಪು ಎಲ್ಲ ಕಡೆಗೂ ಹೊಂದುತ್ತದೆ.

ಹೊರಡುವುದು

ಮೈಸೂರಿನಿಂದ ಬೆಳಗಿನ ರೈಲು ಹತ್ತಿ. ದೂರ ಹದಿನೈದು ಕಿಲೋಮೀಟರಿನ ಆಸುಪಾಸು. ನಿಲ್ದಾಣ ಇರುವುದು ಕೋಟೆಯ ಪ್ರದೇಶದಲ್ಲೇ, ಇಳಿದು ಸ್ವಲ್ಪ ನಡೆದರೆ ಗೋಪುರ ಕಾಣುತ್ತದೆ. ಬಸ್ಸಿಗಿಂತ ರೈಲು ಒಳ್ಳೆಯದೆನ್ನಲು ನನಗೊಂದು ಕಾರಣವಿದೆ: ಸೇತುವೆಯ ಮೇಲೆ ಅದು ಸದ್ದು ಬದಲಿಸಿದಾಗ ಎಲ್ಲರೂ ಕಿಟಕಿಯತ್ತ ತಿರುಗುತ್ತಾರೆ, ಕೆಲವರು ಕೈಮುಗಿಯುತ್ತಾರೆ. ನಡಿಗೆ ಶುರುವಾಗುವುದು ಅಲ್ಲಿಂದಲೇ.

ಕೋಟೆಯ ಒಳಗೆ

ದೇವಸ್ಥಾನಕ್ಕೆ ನುಗ್ಗುವ ಮೊದಲು ಸ್ನಾನಘಟ್ಟಕ್ಕೆ ಇಳಿದು ಕಾಲು ತೊಳೆಯಿರಿ. ಬೆಳಗಿನ ಹೊತ್ತು ನೀರಿನ ಮೇಲೆ ಮಂಜು ಎದ್ದಿರುತ್ತದೆ, ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಕುಳಿತಿರುತ್ತವೆ. ಸ್ವಲ್ಪ ಮೇಲ್ಗಡೆಗೇ ರಂಗನತಿಟ್ಟು. ಅಲ್ಲಿಯ ಹಕ್ಕಿಗಳು ಇಲ್ಲಿಗೂ ಬರುತ್ತವೆ, ಮೊಸಳೆಗಳಿಗೂ ಗಡಿರೇಖೆ ಗೊತ್ತಿಲ್ಲ. ಆದ್ದರಿಂದ ಮೆಟ್ಟಿಲಿದ್ದಲ್ಲಿ, ಜನರಿದ್ದಲ್ಲಿ ಮಾತ್ರ ನೀರಿಗೆ ಇಳಿಯಿರಿ. ಬಂಡೆಯಿಂದ ಬಂಡೆಗೆ ಜಿಗಿಯಬೇಡಿ. ಪಾಚಿ ಕಟ್ಟಿದ ಕಲ್ಲಿನ ಪಕ್ಕದಲ್ಲೇ ಆಳದ ಮಡು ಇರುತ್ತದೆ, ಮೇಲಿನಿಂದ ತಿಳಿಯುವುದಿಲ್ಲ.

ಕಾವೇರಿಯ ಮೂರು ದ್ವೀಪಗಳಲ್ಲಿ ಮೂವರು ರಂಗನಾಥರು: ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಈ ದೇವಾಲಯವನ್ನು 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದನೆನ್ನುತ್ತಾರೆ. ಆಮೇಲೆ ಹೊಯ್ಸಳರು, ವಿಜಯನಗರದವರು, ಮೈಸೂರು ಅರಸರು ಬೆಳೆಸಿದರು. ಗರ್ಭಗುಡಿಯಲ್ಲಿ ಆದಿಶೇಷನ ಮೇಲೆ ಮಲಗಿದ ಸ್ವಾಮಿಯ ಪಾದದ ಬಳಿ ಕುಳಿತಿರುವವಳು ಕಾವೇರಿ ಎಂಬುದು ಇಲ್ಲಿಯ ನಂಬಿಕೆ. ಮುಖ ನೋಡಿ ಹೊರಟುಬಿಡಬೇಡಿ, ಪಾದದ ಕಡೆಗೂ ಕಣ್ಣು ಹಾಯಿಸಿ. ಹೊರಬರುವಾಗ ವಿಷ್ಣುವಿನ ಇಪ್ಪತ್ತನಾಲ್ಕು ರೂಪಗಳನ್ನು ಕೆತ್ತಿದ ಕಂಬಗಳ ಮುಂದೆ ಐದು ನಿಮಿಷ ನಿಲ್ಲಿ. ಶಂಖ, ಚಕ್ರ, ಗದೆ, ಪದ್ಮಗಳು ಕೈಯಿಂದ ಕೈಗೆ ಬದಲಾದಂತೆ ಕೇಶವ ನಾರಾಯಣನಾಗುತ್ತಾನೆ, ನಾರಾಯಣ ಮಾಧವನಾಗುತ್ತಾನೆ. ಸಂಧ್ಯಾವಂದನೆಯಲ್ಲಿ ಬಾಯಿಪಾಠ ಹೇಳುವ ಹೆಸರುಗಳಿಗೆ ಇಲ್ಲಿ ಕೈಗಳಿವೆ.

ಎದುರಿನ ಬಯಲಿನಲ್ಲಿ ಕಾಣುವ ಅಡಿಪಾಯದ ಕಲ್ಲುಗಳು ಟಿಪ್ಪುವಿನ ಲಾಲ್ ಮಹಲಿನವು. ಅರಮನೆ ಹೋಯಿತು, ಗುಡಿ ಉಳಿಯಿತು. ಅರಮನೆಯಿಂದ ಗೋಪುರಕ್ಕೆ ಎಷ್ಟು ದೂರ ಎಂದು ಹೆಜ್ಜೆ ಹಾಕಿ ನೋಡಿ. ಗುಡಿಯ ಗಂಟೆ ಅರಮನೆಯವರ ಕಿವಿಗೆ ಬೀಳದ ದಿನ ಇದ್ದಿರಲಾರದು.

ಹತ್ತಿರದಲ್ಲೇ ಗಂಗಾಧರೇಶ್ವರ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಅಲ್ಲಿಗೆ ಪ್ರವಾಸಿಗರು ಹೋಗುವುದು ಕಡಿಮೆ, ಹಾಗಾಗಿಯೇ ನಾನು ಹೋಗುತ್ತೇನೆ. ನರಸಿಂಹನ ಗುಡಿಯನ್ನು ಕಟ್ಟಿಸಿದವರು ರಣಧೀರ ಕಂಠೀರವ ನರಸರಾಜ ಒಡೆಯರು. 1638ರಿಂದ 1659ರವರೆಗೆ ಆಳಿದವರು. ಅವರದೇ ಕಲ್ಲಿನ ಪ್ರತಿಮೆ ಒಳಗಿದೆ. ನದಿಯ ಕವಲಿನ ಮೇಲೆ ಮೇಲ್ಗಾಲುವೆ ಹಾಯಿಸಿ ದ್ವೀಪಕ್ಕೆ ನೀರು ತಂದ ಬಂಗಾರದೊಡ್ಡಿ ನಾಲೆಯೂ ಅವರ ಕಾಲದ್ದೇ. ಸುತ್ತ ಹೊಳೆಯಿದ್ದೂ ನೆಲ ಎತ್ತರದಲ್ಲಿದ್ದರೆ ಗದ್ದೆ ಒಣಗುತ್ತದೆ. ಆ ಕಷ್ಟಕ್ಕೆ ಕಲ್ಲಿನಲ್ಲಿ ಬರೆದ ಉತ್ತರ ಈ ನಾಲೆ.

ಈಗ ಉತ್ತರದ ಗೋಡೆಯ ಗುಂಟ ಹೋಗಿ. ಬ್ರಿಟಿಷ್ ಅಧಿಕಾರಿ ಕರ್ನಲ್ ಬೈಲಿಯ ಹೆಸರಿನ ಸೆರೆಮನೆ, ನೀರುಬಾಗಿಲು, ಟಿಪ್ಪು ಬಿದ್ದ ಸ್ಥಳದ ಕಲ್ಲು ಇದೇ ದಾರಿಯಲ್ಲಿ ಸಿಗುತ್ತವೆ. 1799ರ ಮೇ 4ರಂದು ಕೋಟೆ ಬಿದ್ದ ಕಥೆ ಶಾಲೆಯ ಪಾಠದಲ್ಲಿದೆ. ಆ ಕಥೆಯಲ್ಲಿ ಹೊಳೆಗೂ ಒಂದು ಪಾತ್ರವಿದೆ ಎಂಬುದು ಗೋಡೆಯ ಮೇಲೆ ನಿಂತಾಗ ತಿಳಿಯುತ್ತದೆ. ಮುಂಗಾರು ಸುರಿದು ಕಾವೇರಿ ತುಂಬಿದರೆ ದ್ವೀಪಕ್ಕೆ ಮುತ್ತಿಗೆ ಹಾಕುವುದು ಅಸಾಧ್ಯ. ಬ್ರಿಟಿಷರಿಗೆ ಇದ್ದದ್ದು ಬೇಸಗೆಯ ಕೊನೆಯ ವಾರಗಳು ಮಾತ್ರ. ಬಂಡೆಗಳು ಎದ್ದು ಕಾಣುವಷ್ಟು ನೀರು ಇಳಿದಿದ್ದ ಆ ಮಧ್ಯಾಹ್ನ ಸೈನಿಕರು ಹೊಳೆಯನ್ನು ನಡೆದೇ ದಾಟಿದರು. ಏಪ್ರಿಲಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಇಲ್ಲಿ ನಿಂತು ನೋಡಿದರೆ ಚರಿತ್ರೆಯ ಆ ಪುಟ ಬೇರೆಯೇ ಆಗಿ ಕಾಣುತ್ತದೆ.

ಎರಡು ಮಿನಾರುಗಳ ಮಸೀದಿ

ಕೋಟೆಯ ಪೂರ್ವದ ಬಾಗಿಲ ಬಳಿ ಮಸ್ಜಿದ್‌-ಎ-ಆಲಾ, ಊರವರ ಬಾಯಲ್ಲಿ ಜಾಮಿಯಾ ಮಸೀದಿ. ಟಿಪ್ಪು 1780ರ ದಶಕದಲ್ಲಿ ಕಟ್ಟಿಸಿದ್ದು. ಎತ್ತರದ ಜಗಲಿಯ ಮೇಲೆ ನಿಂತಿರುವ ಎರಡು ಮಿನಾರುಗಳಲ್ಲಿ ಪಾರಿವಾಳಗಳಿಗೆಂದೇ ಗೂಡುಗಳಿವೆ. ಗೂಡುಗಳನ್ನು ಕಟ್ಟಡದ ಅಂದದ ಭಾಗವಾಗಿಯೇ ಯೋಚಿಸಿದ ಆ ಕುಶಲಕರ್ಮಿಗಳ ಬಗ್ಗೆ ನನಗೆ ಬಹಳ ಗೌರವ. ನಮಾಜಿನ ಹೊತ್ತು ತಪ್ಪಿಸಿ ಹೋಗಿ, ಚಪ್ಪಲಿ ಬಿಡಿ, ಅಲ್ಲಿರುವವರನ್ನು ಕೇಳಿ ಒಳಗೆ ಕಾಲಿಡಿ, ದನಿ ತಗ್ಗಿಸಿ. ರಂಗನಾಥನ ಗುಡಿಯಲ್ಲಿ ಹೇಗಿದ್ದಿರೋ ಹಾಗೆಯೇ ಇದ್ದರೆ ಸಾಕು.

ಕೋಟೆ ದಾಟಿ, ಗಂಜಾಮಿನತ್ತ

ಕೋಟೆ ಬಿಟ್ಟು ಕಿಲೋಮೀಟರ್ ದಾಟುವಷ್ಟರಲ್ಲಿ ಎಡಕ್ಕೆ ದರಿಯಾ ದೌಲತ್, ಟಿಪ್ಪು 1784ರಲ್ಲಿ ಕಟ್ಟಿಸಿದ ತೇಗದ ಬೇಸಗೆ ಅರಮನೆ. ಪೊಳ್ಳಿಲೂರು ಕದನದ ಭಿತ್ತಿಚಿತ್ರವನ್ನು ನೋಡಿ ಹುಲ್ಲಿನ ಮೇಲೆ ಮರದ ನೆರಳಿನಲ್ಲಿ ತಿಂಡಿ ಮುಗಿಸಿ. ಇದು ಧಾರ್ಮಿಕ ಕಟ್ಟಡವಲ್ಲ, ಹೊತ್ತಿಲ್ಲದಿದ್ದರೆ ಬಿಡಬಹುದು.

ಗಂಜಾಂ ದಾರಿಯಲ್ಲಿ ಸಿಗುವ ಅಬ್ಬೆ ಡುಬಾಯ್ ಚರ್ಚನ್ನು ಮಾತ್ರ ಬಿಡಬೇಡಿ. ವಾಹನದಲ್ಲಿ ಹೋಗುವವರಿಗೆ ಅದು ಕಾಣುವುದೇ ಇಲ್ಲ. ಕೋಟೆ ಬಿದ್ದ ಮೇಲೆ, ದಿಕ್ಕುಗೆಟ್ಟಿದ್ದ ಇಲ್ಲಿಯ ಕ್ರೈಸ್ತರ ನಡುವೆ ಕೆಲಸ ಮಾಡಲು ಬಂದ ಫ್ರಾನ್ಸಿನ ಪಾದ್ರಿ ಈತ. ಈ ಸೀಮೆಯವರ ಉಡುಪು ಉಟ್ಟು, ಈ ಸೀಮೆಯವರ ಊಟ ಉಂಡು, ಜನರಿಂದ ದೊಡ್ಡಸ್ವಾಮಿಯವರು ಎನ್ನಿಸಿಕೊಂಡ. ಸಿಡುಬಿಗೆ ಲಸಿಕೆ ಕಂಡುಹಿಡಿದು ಹತ್ತು ವರ್ಷವೂ ಆಗಿರಲಿಲ್ಲ, ಅಷ್ಟರಲ್ಲೇ ಮೈಸೂರು ಸೀಮೆಯಲ್ಲಿ ಸಾವಿರಾರು ಜನಕ್ಕೆ ಅದನ್ನು ಹಾಕಿಸಿದ. 1823ರಲ್ಲಿ ತಾಯ್ನಾಡಿಗೆ ಮರಳಿದ. ಚರ್ಚು ಚಿಕ್ಕದು, ಸರಳವಾದದ್ದು. ಬಾಗಿಲು ಮುಚ್ಚಿದ್ದರೂ ಅಂಗಳದಲ್ಲಿ ಸ್ವಲ್ಪ ಕುಳಿತುಕೊಳ್ಳಿ.

ಗಂಜಾಂ ಎಂಬ ಈ ಊರೂ ಸುಮ್ಮನೆ ಹುಟ್ಟಿದ್ದಲ್ಲ. ಕೋಟೆಯ ಹೊರಗೆ ಪೇಟೆ ಬೆಳೆಸಲು ಟಿಪ್ಪು ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಎಬ್ಬಿಸಿ ಇಲ್ಲಿಗೆ ತಂದು ಕೂರಿಸಿದನಂತೆ. ಬಯಲುಸೀಮೆಯಿಂದ ಬಂದ ಆ ಮಂದಿಗೆ ಎರಡೂ ಕಡೆ ಹರಿಯುವ ನೀರು ಮೊದಲ ದಿನ ಹೇಗೆ ಕಂಡಿರಬಹುದು ಎಂದು ಇಲ್ಲಿ ನಡೆಯುವಾಗಲೆಲ್ಲ ಯೋಚಿಸುತ್ತೇನೆ. ಊರು ದಾಟಿದರೆ ಕಬ್ಬು, ತೆಂಗು, ಬತ್ತದ ಗದ್ದೆ. ಗದ್ದೆಯ ಬದುವಿನ ಮೇಲೆ ಕಾಲಿಡುವ ಮೊದಲು ಹೊಲದವರನ್ನು ಒಂದು ಮಾತು ಕೇಳಿ. ಬೇಡ ಎಂದವರನ್ನು ನಾನಿನ್ನೂ ಕಂಡಿಲ್ಲ, ಕುಯ್ಲಿನ ಹೊತ್ತಾದರೆ ಕಬ್ಬಿನ ಜಲ್ಲೆಯನ್ನೂ ಕೈಗಿಡುತ್ತಾರೆ.

ನಿಮಿಷಾಂಬ

ನದಿಯ ದಡದಲ್ಲೇ ನಿಮಿಷಾಂಬ ದೇವಿಯ ಗುಡಿ. ಬೇಡಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿ ಎಂಬ ನಂಬಿಕೆಯಿಂದ ಈ ಹೆಸರು. ನಿಂಬೆಹಣ್ಣಿನ ಹಾರ, ಬಳೆ, ಸೀರೆ ಹಿಡಿದು ಬರುವ ಹೆಣ್ಣುಮಕ್ಕಳ ಸಾಲು ಸದಾ ಇರುತ್ತದೆ. ದರ್ಶನ ಮುಗಿಸಿ ಹಿಂದಿನ ಮೆಟ್ಟಿಲಿಗೆ ಇಳಿದರೆ ಹೊಳೆಯಾಚೆ ಕರಿಘಟ್ಟ ಕಾಣುತ್ತದೆ. ಶ್ರೀನಿವಾಸನ ಬೆಟ್ಟ, ಬುಡದಲ್ಲಿ ಲೋಕಪಾವನಿ. ಮನೆಯಿಂದ ಹೊರಟಾಗಿನಿಂದ ಜೊತೆಗಿದ್ದ ಹೊಳೆಯನ್ನು ಸಮಾಧಾನದಿಂದ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆದರೆ ಇದೇ ಮೆಟ್ಟಿಲುಗಳಲ್ಲಿ ನನಗೆ ಪ್ರತಿಸಲವೂ ಸಂಕಟವಾಗುತ್ತದೆ. ಮಿಂದವರು ಬಿಟ್ಟುಹೋದ ಬಟ್ಟೆ, ಎಣ್ಣೆಯ ಪೊಟ್ಟಣ, ಶಾಂಪೂ ಚೀಟಿ, ದೇವರ ಪಟದ ಒಡೆದ ಗಾಜು. ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟರೆ ದೋಷ ಹೋಗುತ್ತದೆ ಎನ್ನುವವರಿಗೆ ಕೈಮುಗಿದು ಕೇಳುತ್ತೇನೆ: ದಯವಿಟ್ಟು ಬಿಡಬೇಡಿ. ಇದೇ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ. ನಿಮ್ಮ ಬಟ್ಟೆಯ ಚೀಲದಲ್ಲಿ ಜಾಗವಿದ್ದರೆ ಕಣ್ಣಿಗೆ ಬಿದ್ದ ನಾಲ್ಕು ಪ್ಲಾಸ್ಟಿಕ್ ಚೂರುಗಳನ್ನು ಹೆಕ್ಕಿಕೊಂಡು ಮುಂದೆ ನಡೆಯಿರಿ.

ಗುಂಬಜ್

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗುಂಬಜ್ ತಲುಪುವಂತೆ ನೋಡಿಕೊಳ್ಳಿ. ಮರಗಳ ಸಾಲಿನ ನಡುವೆ ಹೋಗುವ ದಾರಿಯೇ ತಂಪು. 1782ರಲ್ಲಿ ತೀರಿಕೊಂಡ ಹೈದರಾಲಿಗೆಂದು ಮಗ ಕಟ್ಟಿಸಿದ ಗೋರಿ ಇದು. ಈಗ ತಂದೆ, ತಾಯಿ, ಮಗ ಮೂವರೂ ಒಂದೇ ಗುಮ್ಮಟದ ಕೆಳಗಿದ್ದಾರೆ. ಸುತ್ತಲೂ ಕನ್ನಡಿಯಂತೆ ನಯಗೊಳಿಸಿದ 36 ಕಪ್ಪು ಕಲ್ಲಿನ ಕಂಬಗಳು. ಅಂಗೈ ಇಟ್ಟರೆ ಮಧ್ಯಾಹ್ನದಲ್ಲೂ ತಣ್ಣಗಿರುತ್ತವೆ. ಒಳಗೋಡೆಯ ಮೇಲೆ ಹುಲಿಪಟ್ಟೆ. ದಂತ ಕೂರಿಸಿದ ಬಾಗಿಲುಗಳನ್ನು ಆಮೇಲೆ ಲಾರ್ಡ್ ಡಾಲ್‌ಹೌಸಿ ಮಾಡಿಸಿಕೊಟ್ಟ. ಟಿಪ್ಪುವನ್ನು ಇಲ್ಲಿ ಮಣ್ಣುಮಾಡಿದ ಸಂಜೆ ಸಿಡಿಲು ಮಿಂಚಿನ ಮಳೆ ಸುರಿಯಿತೆಂದು ಅಂದು ಅಲ್ಲಿದ್ದ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಹೊಳೆ ಕಾಯುತ್ತಿದ್ದ ಮಳೆ ಒಂದು ದಿನ ತಡವಾಗಿ ಬಂದಿತ್ತು.

ಕೊನೆಯ ಹೆಜ್ಜೆ: ಸಂಗಮ

ಗುಂಬಜಿನಿಂದ ಸಂಗಮಕ್ಕೆ ನೆರಳಿನ ದಾರಿ. ಸೌತೆಕಾಯಿ, ಮಾವಿನಕಾಯಿ ಹೋಳು, ಚುರುಮುರಿ ಮಾರುವವರು ಎದುರಾದರೆ ದ್ವೀಪದ ತುದಿ ಬಂತೆಂದೇ ತಿಳಿಯಿರಿ. ಹರಿಗೋಲಿನಲ್ಲಿ ಕೂರುವುದಾದರೆ ದರ ಮೊದಲೇ ಮಾತಾಡಿಕೊಳ್ಳಿ, ಜೀವರಕ್ಷಕ ಕವಚ ಕೇಳಿ ಹಾಕಿಕೊಳ್ಳಿ, ಅದಿಲ್ಲವೆಂದರೆ ಹತ್ತಬೇಡಿ. ಮೀಯುವುದಾದರೆ ಮೇಲಿನ ಮೆಟ್ಟಿಲಲ್ಲೇ, ಕೂತು, ಚೊಂಬಿನಲ್ಲಿ ಸುರಿದುಕೊಳ್ಳಿ. ಎರಡು ನೀರು ಕೂಡುವಲ್ಲಿ ಸುಳಿ ಇರುತ್ತದೆ. ಈಜು ಬಲ್ಲವರೇ ಇಲ್ಲಿ ಹೆಚ್ಚು ಮೋಸಹೋಗಿದ್ದಾರೆ.

ಕುಳಿತು ನೋಡಿ. ಎಡಗಡೆಯದು ಬೆಳಗಿನಿಂದ ನಿಮ್ಮ ಜೊತೆ ನಡೆದ ನೀರು. ಬಲಗಡೆಯದು ಬೆಳಗ್ಗೆ ರೈಲಿನ ಸೇತುವೆಯಿಂದ ಕಂಡು, ಆಮೇಲೆ ಹೆಚ್ಚಾಗಿ ಕಣ್ಣಿಗೆ ಬೀಳದೆ ದ್ವೀಪದ ಬೆನ್ನ ಹಿಂದಿನಿಂದ ಬಂದ ದಕ್ಷಿಣದ ಕವಲು. ಕೂಡಿದ ಜಾಗದಲ್ಲಿ ಗೆರೆಯೊಂದು ಸ್ವಲ್ಪ ದೂರ ಕಾಣುತ್ತದೆ, ಆಮೇಲೆ ಕಾಣುವುದಿಲ್ಲ.

ಹಿಂದಿರುಗಲು ಆಟೊಗಳು ಸಿಗುತ್ತವೆ. ಸಂಜೆಯ ಮೇಲೆ ಕಡಿಮೆಯಾಗುವುದರಿಂದ ಐದರೊಳಗೆ ಹೊರಡಿ. ನೀರು ಮಾತ್ರ ತಿರುಮಕೂಡಲು ನರಸೀಪುರದ ಕಡೆ ಹೊರಟಿರುತ್ತದೆ, ಕಪಿಲೆಯನ್ನು ಕೂಡಲು. ಅಲ್ಲಿ ಗುಂಜಾ ನರಸಿಂಹ, ಆಚೆ ದಡದಲ್ಲಿ ಅಗಸ್ತ್ಯೇಶ್ವರ. ಅದಕ್ಕೆ ಇನ್ನೊಂದು ದಿನ, ಇನ್ನೊಂದು ಬಸ್ಸು.