ಬ್ರಿಟನ್‌ನಲ್ಲಿ ಲೈಪೋಸಕ್ಷನ್ ಮಾಡಿಸುವ ಮುಂಚೆ ಮತ್ತು ಮಾಡಿಸಿದ ಮೇಲೆ

ಬ್ರಿಟನ್‌ಗೆ ಬಂದು ಕೆಲವು ವರ್ಷ ಕಳೆದರೆ ನಮ್ಮವರಿಗೆ ಒಂದು ಅಭ್ಯಾಸ ಆಗಿಬಿಡುತ್ತದೆ. ಮೈಗೆ ಏನಾದರೂ ಆದರೆ ಮೊದಲು ಜಿಪಿ (ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್), ಅವರು ಬರೆದುಕೊಟ್ಟರೆ ಆಸ್ಪತ್ರೆ, ಬಿಲ್ಲಿನ ಮಾತೇ ಇಲ್ಲ. ಲೈಪೋಸಕ್ಷನ್‌ಗೆ, ಅಂದರೆ ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವ ಆಪರೇಷನ್‌ಗೆ, ಈ ದಾರಿ ನಡೆಯುವುದಿಲ್ಲ. ಅಂದಕ್ಕೆ ಅಂತ ಕೊಬ್ಬು ತೆಗೆಸಿಕೊಳ್ಳುವುದನ್ನು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಮಾಡುವುದಿಲ್ಲ. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೇವಲ್ಲ ಅಂದರೂ ಇಲ್ಲ. ಕಂಪನಿ ಕೊಟ್ಟಿರುವ ಖಾಸಗಿ ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಲಿಂಫೆಡಿಮಾದಂಥ ಕಾಯಿಲೆಯಿಂದ ಕೈಕಾಲು ಊದಿಕೊಂಡವರಿಗೆ ಕೆಲವೊಮ್ಮೆ ಎನ್‌ಎಚ್‌ಎಸ್‌ನಲ್ಲೇ ಆಗಬಹುದು, ಅದು ಬೇರೆ ಮಾತು.

ದುಡ್ಡು ಕೈಯಿಂದ ಹೋಗುತ್ತದೆ ಅನ್ನುವುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಎನ್‌ಎಚ್‌ಎಸ್‌ನಲ್ಲಿ ಸರ್ಜನ್ ಯಾರು, ಏನು ಓದಿದ್ದಾರೆ ಅಂತ ನಾವು ಕೇಳುವುದೇ ಇಲ್ಲ, ಅದನ್ನು ಆಸ್ಪತ್ರೆಯೇ ನೋಡಿಕೊಂಡಿರುತ್ತದೆ. ಖಾಸಗಿ ಕಾಸ್ಮೆಟಿಕ್ ಸರ್ಜರಿಯಲ್ಲಿ ಆ ವಿಚಾರಣೆ ಎಲ್ಲ ನಿಮ್ಮ ತಲೆ ಮೇಲೆ. ಯಾರು ಕೊಯ್ಯುತ್ತಾರೆ, ಎಲ್ಲಿ ಕೊಯ್ಯುತ್ತಾರೆ, ರಾತ್ರಿ ಎರಡು ಗಂಟೆಗೆ ನೋವು ಬಂದರೆ ಫೋನ್ ಎತ್ತುವವರು ಯಾರು, ಈ ಮೂರಕ್ಕೂ ಉತ್ತರ ಸಿಗುವ ತನಕ ಡೆಪಾಸಿಟ್ ಕಟ್ಟಬೇಡಿ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಕೈಗೆ ಸಿಗುವುದು ಚರ್ಮದ ಕೆಳಗಿನ ಕೊಬ್ಬು, ಲೈಪೋದ ಕೊಳವೆ ಹೋಗುವುದು ಅಲ್ಲಿಗೆ ಮಾತ್ರ. ಹೊಟ್ಟೆ ಗಟ್ಟಿಯಾಗಿ ಮುಂದೆ ಬಂದಿದೆ, ಹಿಡಿದರೆ ಜಾಸ್ತಿ ಏನೂ ಸಿಗುತ್ತಿಲ್ಲ ಅಂದರೆ ಕೊಬ್ಬು ಕೂತಿರುವುದು ಒಳಗೆ, ಕರುಳು ಮತ್ತು ಲಿವರ್ ಸುತ್ತ. ಅದನ್ನು ಯಾವ ಸರ್ಜನ್ನೂ ಹೀರಿ ತೆಗೆಯಲಾರರು. ನಮ್ಮ ಕಡೆಯವರ ಮೈ ಬಿಳಿಯರಿಗಿಂತ ಕಡಿಮೆ ತೂಕದಲ್ಲೇ ಒಳಗೆ ಕೊಬ್ಬು ಸೇರಿಸಿಕೊಳ್ಳುತ್ತದೆ. ಅದಕ್ಕೇ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಇಲ್ಲಿನ ನೈಸ್ ಸಂಸ್ಥೆ ದಕ್ಷಿಣ ಏಷ್ಯಾದವರಿಗೆ ಬೇರೆ ಗೆರೆ ಹಾಕಿದೆ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ತೂಕ ಜಾಸ್ತಿ, 27.5 ದಾಟಿದರೆ ಬೊಜ್ಜು. ಉಳಿದವರಿಗೆ ಇವೇ ಗೆರೆಗಳು 25 ಮತ್ತು 30. ಬಿಎಂಐ 29 ಇದ್ದರೂ ಕ್ಲಿನಿಕ್‌ನವರು ಪರವಾಗಿಲ್ಲ ಬನ್ನಿ ಅನ್ನಬಹುದು, ಆದರೆ ನಿಮ್ಮ ಲೆಕ್ಕಕ್ಕೆ ಮೊದಲು ಸಕ್ಕರೆ ಕಾಯಿಲೆ, ಬಿಪಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಲೈಪೋ ತೂಕ ಇಳಿಸುವ ಚಿಕಿತ್ಸೆ ಅಲ್ಲ. ವ್ಯಾಯಾಮ, ಊಟ ಎಲ್ಲ ಸರಿ ಮಾಡಿದರೂ ಕರಗದ ಒಂದೆರಡು ಜಾಗ ಇರುತ್ತದಲ್ವಾ, ಅದು ಇರುವುದು ಅಂಥದ್ದಕ್ಕೆ.

ಈಗ ಸರ್ಜನ್ ವಿಷಯ. ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು: ಪ್ರಾಕ್ಟೀಸ್ ಮಾಡಲು ಲೈಸೆನ್ಸ್ ಇರುವ ಯಾವ ಡಾಕ್ಟರ್ ಬೇಕಾದರೂ ತಮ್ಮನ್ನು 'ಕಾಸ್ಮೆಟಿಕ್ ಸರ್ಜನ್' ಅಂತ ಕರೆದುಕೊಳ್ಳಬಹುದು, ಆ ಹೆಸರಿಗೆ ಕಾನೂನಿನ ಕಾವಲಿಲ್ಲ. ಹಾಗಾಗಿ ಡಾಕ್ಟರುಗಳ ನೋಂದಣಿ ನೋಡಿಕೊಳ್ಳುವ ಜಿಎಂಸಿ ವೆಬ್‌ಸೈಟಿಗೆ ಹೋಗಿ ಹೆಸರು ಹಾಕಿ ನೋಡಿ, ದುಡ್ಡಿಲ್ಲ ಕಾಸಿಲ್ಲ, ಎರಡು ನಿಮಿಷದ ಕೆಲಸ. ಲೈಸೆನ್ಸ್ ಇದೆಯಾ, ಷರತ್ತು ಏನಾದರೂ ಹಾಕಿದ್ದಾರಾ, ಮುಖ್ಯವಾಗಿ ಸ್ಪೆಷಲಿಸ್ಟ್ ರಿಜಿಸ್ಟರ್‌ನಲ್ಲಿ ಪ್ಲಾಸ್ಟಿಕ್ ಸರ್ಜರಿ ಅಂತ ಇದೆಯಾ ನೋಡಿ. ಪ್ಲಾಸ್ಟಿಕ್ ಸರ್ಜನ್ನರ ಸಂಘಗಳಾದ ಬಾಪ್ಸ್ ಅಥವಾ ಬಾಪ್ರಾಸ್‌ನ ಸದಸ್ಯರಾದರೆ ಇನ್ನೂ ಒಳ್ಳೆಯದು. ಕ್ಲಿನಿಕ್ ಇಂಗ್ಲೆಂಡಿನಲ್ಲಿದ್ದರೆ ಆಸ್ಪತ್ರೆಗಳನ್ನು ತಪಾಸಣೆ ಮಾಡುವ ಸಿಕ್ಯೂಸಿಯಲ್ಲಿ ನೋಂದಣಿ ಇರಲೇಬೇಕು, ಅವರ ತಪಾಸಣೆ ವರದಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಬೇರೆ ಬೇರೆ ಸಂಸ್ಥೆಗಳಿವೆ.

ಕನ್ಸಲ್ಟೇಶನ್‌ಗೆ ಹೋದಾಗ ಎದುರಿಗೆ ಕೂತವರು ಸರ್ಜನ್ನಾ ಅಥವಾ ಸೇಲ್ಸ್‌ನವರಾ ಗಮನಿಸಿ. ಜಿಎಂಸಿ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಆಪರೇಷನ್ ಮಾಡುವ ಡಾಕ್ಟರೇ ನಿಮ್ಮ ಜೊತೆ ಕೂತು ಮಾತಾಡಿ ಒಪ್ಪಿಗೆ ಪಡೆಯಬೇಕು, ಬೇರೆಯವರ ಕೈಗೆ ಬಿಡುವಂತಿಲ್ಲ. ಯೋಚಿಸಲು ಟೈಮ್ ಕೊಡಬೇಕು. ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಹೇಳುವುದು ಕನಿಷ್ಠ ಎರಡು ವಾರ. 'ಈ ಶುಕ್ರವಾರದೊಳಗೆ ಬುಕ್ ಮಾಡಿದರೆ ಡಿಸ್ಕೌಂಟ್', 'ಸೊಂಟಕ್ಕೆ ಮಾಡಿಸಿದರೆ ತೋಳು ಫ್ರೀ' ಅಂತ ಯಾರಾದರೂ ಶುರು ಮಾಡಿದರೆ ಸುಮ್ನೆ ಎದ್ದು ಬನ್ನಿ. ಹೇಳಿದ ರೇಟಿನಲ್ಲಿ ವ್ಯಾಟ್ ಸೇರಿದೆಯಾ ಕೇಳಿ, ಬರೀ ಅಂದಕ್ಕಾಗಿ ಮಾಡುವ ಸರ್ಜರಿಗೆ 20% ವ್ಯಾಟ್ ಬೀಳುತ್ತದೆ. ಅರಿವಳಿಕೆ ಡಾಕ್ಟರ ಫೀಸು, ರಾತ್ರಿ ಉಳಿಯುವ ಖರ್ಚು, ಆಪರೇಷನ್ ಆದ ಮೇಲೆ ಹಾಕಿಕೊಳ್ಳುವ ಬಿಗಿ ಉಡುಪು, ಆಮೇಲಿನ ಭೇಟಿಗಳು, ಏನಾದರೂ ಎಡವಟ್ಟಾದರೆ ಮತ್ತೆ ಮಾಡುವ ಖರ್ಚು, ಎಲ್ಲ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಡೆಪಾಸಿಟ್ಟನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಒಟ್ಟು ಬೆಲೆ 100 ಪೌಂಡ್‌ಗಿಂತ ಜಾಸ್ತಿ, 30,000 ಪೌಂಡ್ ಒಳಗೆ ಇದ್ದರೆ ಸೆಕ್ಷನ್ 75 ಅಂತ ಒಂದು ರಕ್ಷಣೆ ಇದೆ. ಕ್ಲಿನಿಕ್ ಬಾಗಿಲು ಹಾಕಿಕೊಂಡು ಹೋದರೆ ಕಾರ್ಡ್ ಕಂಪನಿಯನ್ನು ಕೇಳಬಹುದು.

ಜಿಪಿಗೆ ಹೇಳಬೇಕಾ? ಅವರ ಚೀಟಿ ಬೇಕಾಗಿಲ್ಲ, ಆದರೆ ಹೇಳುವುದು ಒಳ್ಳೆಯದು. ನಿಮ್ಮ ಹಳೆಯ ಕಾಯಿಲೆ, ಅಲರ್ಜಿ, ಮಾತ್ರೆಗಳ ವಿವರ ಅವರ ಬಳಿ ಇದೆ, ಸರ್ಜನ್‌ಗೆ ಅದು ಬೇಕು. ಎನ್‌ಎಚ್‌ಎಸ್ ಆ್ಯಪ್‌ನಲ್ಲೂ ಬಹುಪಾಲು ಕಾಣುತ್ತದೆ. ಖಾಸಗಿ ಸರ್ಜರಿಗೆ ಬೇಕಾದ ರಕ್ತಪರೀಕ್ಷೆಯನ್ನು ಜಿಪಿ ಮಾಡಿಕೊಡುತ್ತಾರೆ ಅಂತ ಮಾತ್ರ ನಂಬಬೇಡಿ.

ತಯಾರಿಯಲ್ಲಿ ಎಲ್ಲಕ್ಕಿಂತ ಮುಖ್ಯ ಸಿಗರೇಟು ಬಿಡುವುದು, ಕನಿಷ್ಠ ನಾಲ್ಕು ವಾರ ಮುಂಚೆ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ, ಗಾಯ ಮಾಯುವುದಿಲ್ಲ, ವೇಪ್ ಕೂಡ ಅದೇ ಲೆಕ್ಕ. ಆಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆ ಮಾತ್ರೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್ ಇವೆಲ್ಲ ರಕ್ತಸ್ರಾವ ಹೆಚ್ಚಿಸಬಹುದು, ಊರಿಂದ ತರಿಸಿದ ಆಯುರ್ವೇದದ ಪುಡಿ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಹೃದಯಕ್ಕೋ ರಕ್ತ ತೆಳು ಮಾಡಲಿಕ್ಕೋ ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರೂ ಮೊದಲೇ ತಿಳಿಸಬೇಕು, ರಕ್ತ ಹೆಪ್ಪುಗಟ್ಟುವ ಲೆಕ್ಕದಲ್ಲಿ ಅದೂ ಬರುತ್ತದೆ. ಹಳೆಯ ಗಾಯದ ಕಲೆ ಉಬ್ಬಿಕೊಂಡಿದ್ದರೆ ಅಥವಾ ಕಪ್ಪಾಗಿ ಉಳಿದಿದ್ದರೆ ತೋರಿಸಿ, ನಮ್ಮ ಬಣ್ಣದ ಚರ್ಮದಲ್ಲಿ ಇದು ಜಾಸ್ತಿ. ಪೂರ್ತಿ ಅರಿವಳಿಕೆ ಇದ್ದರೆ ಸಾಮಾನ್ಯವಾಗಿ ಆರು ಗಂಟೆ ಮುಂಚೆ ಊಟ ಬಂದ್, ಎರಡು ಗಂಟೆ ಮುಂಚಿನ ತನಕ ಬರೀ ನೀರು. ಹಾಲು ಹಾಕಿದ ಕಾಫಿ ಇಲ್ಲಿ ನೀರಲ್ಲ, ಊಟ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೋದರೆ ಆಪರೇಷನ್ನೇ ಮುಂದಕ್ಕೆ ಹೋಗಬಹುದು.

ಇನ್ನೊಂದು ವಿಷಯ, ನಮ್ಮವರು ಎಡವುವುದು ಇಲ್ಲೇ. ಅರಿವಳಿಕೆ ಕೊಟ್ಟ ಮೇಲೆ ಅದೇ ದಿನ ಮನೆಗೆ ಕಳಿಸಬೇಕಾದರೆ ದೊಡ್ಡವರೊಬ್ಬರು ಬಂದು ಕರೆದುಕೊಂಡು ಹೋಗಬೇಕು, 24 ಗಂಟೆ ಜೊತೆಗಿರಬೇಕು. ಒಬ್ಬರೇ ಊಬರ್ ಹತ್ತಿ ಹೋಗ್ತೀನಿ ಅಂದರೆ ಬಿಡುವುದಿಲ್ಲ. ಯಾರಿಗೂ ಗೊತ್ತಾಗಬಾರದು, ಕನ್ನಡ ಸಂಘದಲ್ಲಿ ಸುದ್ದಿ ಆಗಬಾರದು ಅಂತ ಗುಟ್ಟಾಗಿ ಮಾಡಿಸಿಕೊಳ್ಳುವವರಿಗೆ ಕೊನೆ ಗಳಿಗೆಯಲ್ಲಿ ಆ ಒಬ್ಬರು ಸಿಗುವುದಿಲ್ಲ. ಒಬ್ಬರಿಗಾದರೂ ಹೇಳಿ. ಇಲ್ಲದಿದ್ದರೆ ಒಂದು ರಾತ್ರಿ ಆಸ್ಪತ್ರೆಯಲ್ಲೇ ಉಳಿಯುವ ಪ್ಯಾಕೇಜ್ ತೆಗೆದುಕೊಳ್ಳಿ.

ಆಪರೇಷನ್ ಹೆಚ್ಚಾಗಿ ಒಂದರಿಂದ ಮೂರು ಗಂಟೆ. ಮೊದಲು ಉಪ್ಪುನೀರು, ಜಾಗ ಮರಗಟ್ಟಿಸುವ ಲಿಡೋಕೇನ್, ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿದ ದ್ರವವನ್ನು ಕೊಬ್ಬಿನೊಳಗೆ ತುಂಬುತ್ತಾರೆ, ಆಮೇಲೆ ಸಣ್ಣ ತೂತಿನಿಂದ ಕೊಳವೆ ತೂರಿಸಿ ಹೀರುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ರೂಪಿಸಿದ ವಿಧಾನ ಇದು, ರಕ್ತ ಹೋಗುವುದು ತುಂಬಾ ಕಡಿಮೆಯಾಯಿತು.

ಆ ದ್ರವ ಪೂರ್ತಿ ಹೊರಗೆ ಬಂದಿರುವುದಿಲ್ಲ ಅನ್ನುವುದು ಗೊತ್ತಿರಲಿ. ಮೊದಲ ಒಂದೆರಡು ದಿನ ತೂತುಗಳಿಂದ ತಿಳಿಗೆಂಪು ನೀರು ಸೋರುತ್ತದೆ, ಬಟ್ಟೆ, ಹಾಸಿಗೆ, ಕಾರಿನ ಸೀಟು ಎಲ್ಲ ನೆನೆಯುತ್ತದೆ. ನೋಡಿದವರು ರಕ್ತ ಅಂತ ಗಾಬರಿಯಾಗುತ್ತಾರೆ, ಆದರೆ ಅದು ಬಹುಪಾಲು ಆ ದ್ರವವೇ. ಹಾಸಿಗೆ ಮೇಲೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ಹಳೆಯ ಟವೆಲ್ ಹಾಕಿಡಿ. ಕಡುಗೆಂಪು ರಕ್ತ ನಿಲ್ಲದೆ ಬರುತ್ತಿದ್ದರೆ ಮಾತ್ರ ತಕ್ಷಣ ಫೋನ್ ಮಾಡಿ. ಬಿಗಿ ಉಡುಪನ್ನು ಮೊದಲ ಸಲ ಬಿಚ್ಚುವಾಗ ಎಷ್ಟೋ ಜನಕ್ಕೆ ತಲೆ ಸುತ್ತಿ ಬೀಳುವ ಹಾಗಾಗುತ್ತದೆ, ಒತ್ತಡ ಒಮ್ಮೆಲೇ ಇಳಿಯುತ್ತದಲ್ಲ. ಕೂತುಕೊಂಡೇ ಬಿಚ್ಚಿ, ನಿಧಾನಕ್ಕೆ, ಪಕ್ಕದಲ್ಲಿ ಯಾರಾದರೂ ಇರಲಿ. ಈ ಉಡುಪನ್ನು ಹಗಲು ರಾತ್ರಿ ಕೆಲವು ವಾರ ಹಾಕಿಕೊಳ್ಳಬೇಕು, ಒಗೆದು ಹಾಕಲು ಇನ್ನೊಂದು ಜೊತೆ ಇದ್ದರೆ ಒದ್ದಾಟ ಇಲ್ಲ.

ಮೊದಲ ವಾರ ತೂಕದ ಯಂತ್ರದ ಹತ್ತಿರ ಹೋಗಬೇಡಿ. ನೀರು ತುಂಬಿ ತೂಕ ಏರಿರುತ್ತದೆ, ಮೈ ಮೊದಲಿಗಿಂತ ದಪ್ಪ ಕಾಣುತ್ತದೆ, ಇಷ್ಟು ದುಡ್ಡು ಸುರಿದು ಇದೇನಾ ಅನಿಸುತ್ತದೆ. ಹೊಟ್ಟೆಗೆ ಮಾಡಿಸಿದವರಿಗೆ ಊತ, ಹಸಿರು-ನೀಲಿ ಕಲೆ ಕೆಳಗಿಳಿದು ತೊಡೆ, ಗುಪ್ತಾಂಗದ ತನಕ ಬರಬಹುದು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹೆದರಿಕೆ ಆಗುವುದು ಸಹಜ. ಜೋಮು, ತುರಿಕೆ, ಮುಟ್ಟಿದರೆ ಗಂಟು ಗಂಟು ಅನಿಸುವುದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಹೊಲಿಗೆ ಕರಗುವಂಥದ್ದಲ್ಲದಿದ್ದರೆ ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಜಿಮ್, ಭಾರ ಎತ್ತುವುದು ನಾಲ್ಕರಿಂದ ಆರು ವಾರ ಬೇಡ. ಹಾಗಂತ ಮಲಗಿಯೇ ಇರುವುದು ಇನ್ನೂ ತಪ್ಪು. ಮೊದಲ ದಿನದಿಂದಲೇ ಆಗಾಗ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ. ಆಕಾರ ಪೂರ್ತಿ ಕೂರಲು ಆರು ತಿಂಗಳು ಹಿಡಿಯಬಹುದು.

ಅಪಾಯದ ಸೂಚನೆಗಳನ್ನು ಜೊತೆಗಿರುವವರಿಗೂ ಹೇಳಿಡಿ. ಉಸಿರು ಕಟ್ಟುವುದು, ಎದೆನೋವು, ಮಾತು ತೊದಲುವುದು, ಗೊಂದಲ, ಸಹಿಸಲಾಗದ ಹೊಟ್ಟೆನೋವು ಬಂದರೆ ಆಂಬುಲೆನ್ಸಿಗೆ 999 ಒತ್ತಿ, ಕ್ಲಿನಿಕ್‌ಗೆ ಕೇಳಿ ಆಮೇಲೆ ನೋಡೋಣ ಅನ್ನಬೇಡಿ. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಜ್ವರ, ಕೆಂಪು ಹರಡುತ್ತಾ ಹೋಗುವುದು, ವಾಸನೆಯ ಕೀವು, ಇವಕ್ಕೆ ಕ್ಲಿನಿಕ್‌ನ ತುರ್ತು ನಂಬರು, ಅವರು ಎತ್ತದಿದ್ದರೆ ಎನ್‌ಎಚ್‌ಎಸ್‌ನ ಸಲಹಾ ನಂಬರು 111. ತುರ್ತಾದರೆ ಎನ್‌ಎಚ್‌ಎಸ್ ನೋಡಿಯೇ ನೋಡುತ್ತದೆ, ಖಾಸಗಿಯಲ್ಲಿ ಮಾಡಿಸಿದ್ದಕ್ಕೆ ಬೈಯುತ್ತಾರೆ ಅಂತ ಮನೆಯಲ್ಲೇ ಕೂರಬೇಡಿ. ಆದರೆ ಒಂದು ಕಡೆ ತಗ್ಗು, ಇನ್ನೊಂದು ಕಡೆ ಉಬ್ಬು ಆಗಿದೆ ಅಂತ ಸರಿಮಾಡಿಸಿಕೊಳ್ಳಲು ಅವರ ಬಳಿ ಹೋದರೆ ಕೆಲಸ ಆಗುವುದಿಲ್ಲ.

ಆಫೀಸಿನ ಕಥೆ: ಏಳು ದಿನದ ತನಕ ಹುಷಾರಿಲ್ಲ ಅಂತ ನೀವೇ ಬರೆದುಕೊಟ್ಟರೆ ಸಾಕು, ಅದಕ್ಕಿಂತ ಜಾಸ್ತಿಯಾದರೆ ಫಿಟ್ ನೋಟ್ (ಡಾಕ್ಟರ ಸರ್ಟಿಫಿಕೇಟ್) ಬೇಕು. ಡಿಸ್ಚಾರ್ಜ್ ಆಗುವಾಗಲೇ ಸರ್ಜನ್ ಹತ್ತಿರ ಕೇಳಿ ತೆಗೆದುಕೊಳ್ಳಿ, ಆಮೇಲೆ ಜಿಪಿ ಅಪಾಯಿಂಟ್‌ಮೆಂಟ್‌ಗೆ ಅಲೆಯುವುದು ತಪ್ಪುತ್ತದೆ. ಕೆಲವು ಕಂಪನಿಗಳು ಕಾಸ್ಮೆಟಿಕ್ ಸರ್ಜರಿಗೆ ಸಂಬಳದ ಸಿಕ್ ಲೀವ್ ಕೊಡುವುದಿಲ್ಲ, ಪಾಲಿಸಿ ಓದಿ, ಬೇಕಾದರೆ ವಾರ್ಷಿಕ ರಜೆ ಹಾಕಿ. ಕಾರು ಕೆಲವು ದಿನ ಬೇಡ. ಸೀಟ್ ಬೆಲ್ಟ್ ಹಾಕಿ ಗಕ್ಕನೆ ಬ್ರೇಕ್ ಒತ್ತಲು ನೋವಿಲ್ಲದೆ ಆಗಬೇಕು, ಕೊಡೀನ್‌ನಂಥ ನೋವಿನ ಮಾತ್ರೆ ನಿಂತಿರಬೇಕು.

ಇಂಡಿಯಾಗೆ ರಜೆಗೆ ಹೋದಾಗ ಮುಗಿಸಿಕೊಂಡು ಬರೋಣ, ಇಲ್ಲ ಟರ್ಕಿಯಲ್ಲಿ ಅರ್ಧ ರೇಟು ಅನ್ನುವವರಿದ್ದಾರೆ. ಸರ್ಜನ್ ಒಳ್ಳೆಯವರೇ ಇರಬಹುದು, ತಕರಾರು ಅದಲ್ಲ. ಲೈಪೋ ಆದ ಮೇಲೆ ಐದರಿಂದ ಏಳು ದಿನ ವಿಮಾನ ಹತ್ತಬೇಡಿ ಅನ್ನುತ್ತದೆ ಎನ್‌ಎಚ್‌ಎಸ್, ದೂರದ ಪ್ರಯಾಣಕ್ಕೆ ಇನ್ನೂ ಕಾದರೆ ಒಳ್ಳೆಯದು. ಮೂರನೇ ವಾರ ಚರ್ಮದ ಕೆಳಗೆ ನೀರು ತುಂಬಿಕೊಂಡರೆ ಅದನ್ನು ತೆಗೆಯುವ ಸರ್ಜನ್ ಆಗ ಸಾವಿರಾರು ಮೈಲಿ ದೂರ ಇರುತ್ತಾರೆ.

ದೂರು ಕೊಡುವ ಪರಿಸ್ಥಿತಿ ಬಂದರೆ ಮೊದಲು ಕ್ಲಿನಿಕ್‌ಗೆ ಬರವಣಿಗೆಯಲ್ಲಿ ಕೊಡಿ. ಎನ್‌ಎಚ್‌ಎಸ್ ಮೇಲಿನ ದೂರು ವಿಚಾರಿಸುವ ಒಂಬುಡ್ಸ್‌ಮನ್ ನೀವೇ ದುಡ್ಡು ಕೊಟ್ಟು ಮಾಡಿಸಿಕೊಂಡ ಖಾಸಗಿ ಚಿಕಿತ್ಸೆಯನ್ನು ನೋಡುವುದಿಲ್ಲ, ಸಿಕ್ಯೂಸಿ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ಖಾಸಗಿ ಆಸ್ಪತ್ರೆಗಳಿಗೆ ಇಸ್ಕಾಸ್ ಎಂಬ ಪಂಚಾಯಿತಿ ವ್ಯವಸ್ಥೆ ಇದೆ, ಆದರೆ ಅದು ಸದಸ್ಯ ಆಸ್ಪತ್ರೆಗಳಿಗೆ ಮಾತ್ರ. ನಿಮ್ಮ ಕ್ಲಿನಿಕ್ ಆ ಪಟ್ಟಿಯಲ್ಲಿದೆಯಾ, ಸರ್ಜನ್‌ಗೆ ಇಂಡೆಮ್ನಿಟಿ ಇನ್ಶೂರೆನ್ಸ್ (ಅವರ ತಪ್ಪಿನಿಂದ ತೊಂದರೆಯಾದರೆ ಪರಿಹಾರ ಕೊಡುವ ವಿಮೆ) ಇದೆಯಾ ಅಂತ ಡೆಪಾಸಿಟ್ ಕಟ್ಟುವ ಮುಂಚೆಯೇ ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ.