ನಾಲ್ಕು ಚೀಲ ಭತ್ತ, ಒಂಬತ್ತು ಮನೆ: ಸಭೆಯ ಒಡಕು ಕೂಡಿಸಿದ ಬಗೆ

ಎದುರು ತಿರುಗಿದವರನ್ನು ವೇದಿಕೆಯಿಂದಲೇ ಅಡಗಿಸಬೇಕು, ಮನೆಗೆ ಹೋದರೆ ಸದರ ಆಗುತ್ತೀರಿ ಎಂದು ಸುತ್ತಿನ ಪಾಸ್ಟರುಗಳೆಲ್ಲ ಎಚ್ಚರಿಸಿದ್ದರು. ಸಿಂಧನೂರು ಸೀಮೆಯ ನಮ್ಮ ಹಳ್ಳಿಯ ಕ್ರೈಸ್ತ ಸಭೆಯಲ್ಲಿ ಮನೆಗೇ ಹೋದೆವು. ಬಿಟ್ಟುಹೋದ ಒಂಬತ್ತು ಮನೆಗಳಲ್ಲಿ ಏಳು ತಿರುಗಿ ಬಂದಿವೆ. ಹಿಡಿದದ್ದು ಹೆಚ್ಚುಕಡಿಮೆ ಒಂದೂವರೆ ವರ್ಷ. ಎಚ್ಚರಿಸಿದವರಲ್ಲೇ ಇಬ್ಬರು ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ.

ಜಗಳ ಹುಟ್ಟಿದ್ದು ಸುಗ್ಗಿ ಕಾಣಿಕೆಯಲ್ಲಿ. ಬಂದದ್ದು 42 ಚೀಲ ಭತ್ತ, ಚೀಲಕ್ಕೆ 75 ಕೆಜಿ. ಒಣಗಿಸಿ ಮಾರುವಾಗ ತೂಗಿದರೆ 38. "ನಾಕು ಚೀಲ ಎಲ್ಲಿ ಹೋದ್ವು ಅಯ್ಯನೋರ?" ಎಂದು ಸಭೆಯವನೊಬ್ಬ ಕೇಳಿದ. ಮಷಿನ್ನಿನಲ್ಲಿ ಕೊಯ್ದ ಭತ್ತ ಹಸಿ ಇರುತ್ತದೆ. ನೂರಕ್ಕೆ 22ರಷ್ಟು ತೇವ ಆರಿ 14ಕ್ಕೆ ಇಳಿದರೆ 3,150 ಕೆಜಿ ಸುಮಾರು 2,860 ಆಗುತ್ತದೆ, ಅಲ್ಲಿಗೆ ನಾಲ್ಕು ಚೀಲದ ಲೆಕ್ಕ ಸರಿ. ಕೇಳಿದವನೂ ರೈತನೇ, ಅವನಿಗೂ ಇದು ಗೊತ್ತು. ಆದರೆ ನಮ್ಮ ಪುಸ್ತಕದಲ್ಲಿ ಚೀಲದ ಎಣಿಕೆ ಇತ್ತು, ತೇವ ಬರೆದಿರಲಿಲ್ಲ. ನಂಬಿಕೆ ಹೋದ ಮೇಲೆ ಗೊತ್ತಿದ್ದ ಮಾತನ್ನೂ ಯಾರೂ ಒಪ್ಪುವುದಿಲ್ಲ.

ನಾವು ಮಾಡಿದ ದೊಡ್ಡ ತಪ್ಪು, ಆ ವಾರವೇ ಬೈಬಲಿನ ಅರಣ್ಯಕಾಂಡ 16 ತೆಗೆದು, ಇಸ್ರಾಯೇಲರ ಮುಂದಾಳು ಮೋಶೆಗೆ ಎದುರು ತಿರುಗಿದ ಕೋರಹನ ಮೇಲೆ ಪ್ರಸಂಗ ಮಾಡಿದ್ದು. ಭೂಮಿ ಬಾಯ್ದೆರೆದು ಎದುರು ನಿಂತವರನ್ನು ನುಂಗಿದ ಭಾಗವನ್ನು ಎರಡು ಸಲ ಓದಿಸಿದೆವು. ಮುಂದಿನ ಭಾನುವಾರ ಒಂಬತ್ತು ಮನೆಯವರ ಜಾಗ ಖಾಲಿ. ತಿಂಗಳ ಕಾಣಿಕೆ 11 ಸಾವಿರದ ಆಸುಪಾಸು ಇದ್ದದ್ದು 6 ಸಾವಿರಕ್ಕೆ ಬಿತ್ತು. ಸಭೆಗೆ ಕಟ್ಟುತ್ತಿದ್ದ ಶೆಡ್ಡಿನ ತಗಡಿಗೆ ಕೊಟ್ಟ 40 ಸಾವಿರ ಮುಂಗಡ ಅಂಗಡಿಯಲ್ಲೇ ಸಿಕ್ಕಿಕೊಂಡಿತು. ಅದೇ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಮೋಶೆ ಮೊದಲು ಬೋರಲಬಿದ್ದ. ಎದುರು ನಿಂತವರಿಂದ ಒಂದು ಕತ್ತೆಯನ್ನೂ ತೆಗೆದುಕೊಂಡಿಲ್ಲವೆಂದು ದೇವರ ಮುಂದೆ ಹೇಳುವಷ್ಟು ಅವನ ಲೆಕ್ಕ ಚೊಕ್ಕ ಇತ್ತು. ಕೋರಹನ ಜೊತೆಗಿದ್ದ ದಾತಾನ್, ಅಬೀರಾಮರಿಗೆ ಹೇಳಿಕಳಿಸಿದರೆ ಅವರು ಬರುವುದಿಲ್ಲ ಎಂದರು, ಆಮೇಲೆ ಅವನೇ ಎದ್ದು ಅವರ ಡೇರೆಯ ಬಳಿಗೆ ಹೋದ. ಭೂಮಿ ಬಾಯ್ದೆರೆಯುವುದು ದೇವರಿಗೆ ಬಿಟ್ಟದ್ದು. ಎದ್ದು ಹೋಗುವ ಕೆಲಸ ನಮ್ಮದು.

ಹೋಗುವ ಮೊದಲು ಲೆಕ್ಕ ಸರಿ ಮಾಡಿಕೊಳ್ಳಬೇಕು, ಈ ಕ್ರಮ ತಪ್ಪಿಸಬೇಡಿ. ಮೂರು ವರ್ಷದ ರಶೀದಿ ಪುಸ್ತಕ, ಮಂಡಿಯ ಚೀಟಿ ಎಲ್ಲ ಜೋಡಿಸಲು ನಮಗೆ 20 ದಿನ ಹಿಡಿಯಿತು. ತೇವ ಬರೆಯದ್ದು ನಮ್ಮ ತಪ್ಪೆಂದು ಸಭೆಯ ಮುಂದೆ ಮೊದಲು ಒಪ್ಪಿಕೊಂಡೆವು. ಎರಡು ಮೂರು ಸಾಕ್ಷಿ ಇಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬೇಡ ಎಂದು ಪೌಲ ತಿಮೊಥೆಯನಿಗೆ ಬರೆದ ಮಾತನ್ನು ಗುರಾಣಿ ಮಾಡಿಕೊಳ್ಳುವವರು, ತಪ್ಪು ಮಾಡಿದವರನ್ನು ಎಲ್ಲರ ಮುಂದೆ ಗದರಿಸು ಎಂಬ ಅದರ ಮುಂದಿನ ವಚನವನ್ನೂ ಓದಬೇಕು.

ಆಮೇಲೆ ಮತ್ತಾಯ 18ರ ಮೆಟ್ಟಿಲು: ಮೊದಲು ಒಬ್ಬರೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯಿ, ಆಮೇಲೆ ಸಭೆಗೆ ತಿಳಿಸು. ಮೊದಲ ಸಲ ಒಬ್ಬರೇ, ನಡೆದುಕೊಂಡು. ಕೈಯಲ್ಲಿ ಲೆಕ್ಕದ ಪುಸ್ತಕ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಓದಿ ತೋರಿಸಿ ಎದ್ದುಬಿಡಬೇಕು, ಅವತ್ತು ಉತ್ತರ ಕೊಡಬಾರದು. ಎರಡನೇ ಮೆಟ್ಟಿಲಿಗೆ ಇಬ್ಬರನ್ನು ಕರೆದೊಯ್ದೆವು, ಅದರಲ್ಲಿ ಒಬ್ಬನನ್ನು ಆರಿಸಿದ್ದು ಆ ಮನೆಯವರೇ. ಒಂದು ಮನೆಗೆ 11 ಸಲ ಹೋಗಬೇಕಾಯಿತು. ಮೊದಲ ಭೇಟಿಗೆ ಯಾರ ಕೈಲಿ ಹೇಳಿಕಳಿಸಬೇಕೆಂಬುದರಲ್ಲಿ ಒಂದು ಗುಟ್ಟಿದೆ. ಅದನ್ನು ಬರೆಯುವುದಿಲ್ಲ, ಎದುರು ಸಿಕ್ಕರೆ ಹೇಳುತ್ತೇನೆ.

ನಡುವೆ ದೂರಿನ ಪೆಟ್ಟಿಗೆಯನ್ನೂ ಇಟ್ಟು ನೋಡಿದೆವು. ತಿಂಗಳಿಗೆ ಹದಿನೇಳೋ ಹದಿನೆಂಟೋ ಚೀಟಿ. ಮೂರು ನಾಲ್ಕು ಬಿಟ್ಟರೆ ಉಳಿದವು ಹೆಣ್ಣುಮಕ್ಕಳ ಮೇಲೆ ಹೊಲಸು ಮಾತು. ತೆಗೆದುಬಿಟ್ಟೆವು. ಹೆಸರಿಲ್ಲದ ದೂರಿಗೆ ಹೋಗಿ ಕೂರಲು ಮನೆ ಇರುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದರೆ ಅವರು ಬೇರೆ ಗ್ರೂಪು ಕಟ್ಟಿದರು, ಅದರಲ್ಲಿ ನಮ್ಮದಕ್ಕಿಂತ ಜನ ಹೆಚ್ಚು!

ಬಿಟ್ಟುಹೋದವರ ಮುಂದಾಳಿಗೆ ಸಭೆಯ ಸಮಿತಿಯಲ್ಲಿ ಕುರ್ಚಿ ಕೊಟ್ಟದ್ದೂ ಕೆಟ್ಟಿತು. ಬಾಯಿ ಮುಚ್ಚಿಸಲು ಕೊಟ್ಟದ್ದು ಅವನಿಗೂ ಗೊತ್ತಾಯಿತು. ಅಪೊಸ್ತಲರ ಕೃತ್ಯಗಳು 6ರಲ್ಲಿ ಗ್ರೀಕ್ ಮಾತಿನವರ ವಿಧವೆಯರಿಗೆ ದಿನದ ಪಾಲು ತಪ್ಪುತ್ತಿತ್ತು. ಆಗ ಆರಿಸಿದ ಏಳೂ ಜನರ ಹೆಸರು ಗ್ರೀಕ್. ಗೊಣಗಿದ ಕಡೆಯವರ ಕೈಗೇ ಬಡಿಸುವ ಕೆಲಸ ಹೋಯಿತು. ನಾವೂ ತಕ್ಕಡಿ, ತೇವದ ಮೀಟರು, ಪುಸ್ತಕ ಮೂರನ್ನೂ ದೂರು ಹೇಳಿದವರಿಗೇ ಒಪ್ಪಿಸಿದೆವು. ಕಾಣಿಕೆ ಪೆಟ್ಟಿಗೆಗೆ ಎರಡು ಬೀಗ, ಕೀಲಿ ಎರಡು ಮನೆಯಲ್ಲಿ. ತಿರುವು ಸಿಕ್ಕಿದ್ದು ಇಲ್ಲಿಯೇ.

ಹೊಡೆಯಲು ಕೈ ಎತ್ತಿದ ಇಬ್ಬರನ್ನು ಮಾತ್ರ ಶಿಸ್ತಿಗೆ ಒಳಪಡಿಸಿದೆವು: ಆರು ವಾರ ಕರ್ತನ ಭೋಜನ, ಅಂದರೆ ಸಭೆ ಕೂಡಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ, ಇಲ್ಲ, ಮುಗಿಯುವ ತಾರೀಖನ್ನು ಮೊದಲೇ ಬರೆದುಕೊಟ್ಟು. ಮೋಶೆಯ ಅಕ್ಕ ಮಿರ್ಯಾಮಳು ಅವನ ವಿರುದ್ಧ ಮಾತಾಡಿದ್ದಕ್ಕೆ ಏಳು ದಿನ ಪಾಳೆಯದ ಹೊರಗಿದ್ದಾಗ ಜನ ಮುಂದಕ್ಕೆ ಹೊರಡಲಿಲ್ಲ. ಅದಕ್ಕೇ ಆ ಆರು ವಾರ ಶೆಡ್ಡಿನ ಕೆಲಸ ನಿಲ್ಲಿಸಿದೆವು. ತಾರೀಖು ಮುಗಿದ ಸಂಜೆ ಅವರ ಮನೆಯಲ್ಲೇ ಕೂತು ರೊಟ್ಟಿ ತಿಂದೆವು. ದಾವೀದ ಅರಸ ತಪ್ಪಿಸಿಕೊಂಡು ಹೋಗಿದ್ದ ಮಗ ಅಬ್ಷಾಲೋಮನನ್ನು ಊರಿಗೆ ಕರೆಸಿಕೊಂಡೂ ಎರಡು ವರ್ಷ ಮುಖ ತೋರಿಸಲಿಲ್ಲ. ಆ ಅರ್ಧ ಕ್ಷಮೆ ಮಗನೇ ಅಪ್ಪನ ಮೇಲೆ ದಂಗೆ ಎದ್ದಲ್ಲಿಗೆ ಮುಟ್ಟಿತು.

ಈ ಸುಗ್ಗಿಗೆ 51 ಚೀಲ ಬಂತು. ತೇವದ ಕಾಲಂ ತುಂಬಿ ಸಹಿ ಹಾಕಿದ್ದು, ಅಂದು ನಾಲ್ಕು ಚೀಲ ಕೇಳಿದವನೇ. ಬಾರದ ಎರಡು ಮನೆಯವರು ಬೇರೆ ಸಭೆಗೆ ಹೋಗುತ್ತಾರೆ. ಹೋದ ವಾರ ಅವರ ಕಣಕ್ಕೂ ಹೋಗಿ, ರಾಶಿಯ ಮುಂದೆ ಪ್ರಾರ್ಥನೆ ಮಾಡಿ ಬಂದೆವು.