ವರೂಥಿನಿಯ ಮಾತನ್ನು ಕನ್ನಡಿಸಿದ ಬಗೆ

ತೆಲುಗು ಕವಿ ಅಲ್ಲಸಾನಿ ಪೆದ್ದನನ ‘ಮನುಚರಿತ್ರ’ದಲ್ಲಿ ಬರುವ ಪ್ರವರ–ವರೂಥಿನಿಯರ ಪ್ರಸಂಗವನ್ನು ಕನ್ನಡಕ್ಕೆ ತರಲು ಕುಳಿತಾಗ ನನ್ನ ಬಳಿ ಇದ್ದ ಬಂಡವಾಳವೆಂದರೆ ಬಳ್ಳಾರಿಯ ನಮ್ಮ ಓಣಿಯಲ್ಲಿ ಕಿವಿಗೆ ಬಿದ್ದ ತೆಲುಗು, ತಡವರಿಸಿ ಓದುವಷ್ಟು ತೆಲುಗು ಲಿಪಿ ಮತ್ತು ಪದವಿ ತರಗತಿಯಲ್ಲಿ ಕಲಿತ ಹಳಗನ್ನಡ. ಕೃಷ್ಣದೇವರಾಯನ (1509–1529) ಆಸ್ಥಾನದಲ್ಲಿದ್ದ ಪೆದ್ದನನು ಆ ದೊರೆಗೇ ಅಂಕಿತ ಮಾಡಿದ ಈ ಪ್ರಬಂಧಕಾವ್ಯವು ಮಾರ್ಕಂಡೇಯ ಪುರಾಣದ ಸ್ವಾರೋಚಿಷ ಮನುವಿನ ಕಥೆಯನ್ನು ಆರು ಆಶ್ವಾಸಗಳಿಗೆ (ಅಧ್ಯಾಯಗಳಿಗೆ) ಬೆಳೆಸಿದ್ದು. ಸಿದ್ಧನೊಬ್ಬ ಕೊಟ್ಟ ಪಾದಲೇಪದ ಬಲದಿಂದ ಹಿಮಾಲಯಕ್ಕೆ ಹೋದ ಕರ್ಮಠ ಬ್ರಾಹ್ಮಣ ಪ್ರವರನು, ಲೇಪವು ಹಿಮಕ್ಕೆ ಕರಗಿಹೋದ ಮೇಲೆ ಮನೆಗೆ ಮರಳಲಾರದೆ ಅಪ್ಸರೆ ವರೂಥಿನಿಯನ್ನು ದಾರಿ ಕೇಳುತ್ತಾನೆ. ನಾನು ಎತ್ತಿಕೊಂಡದ್ದು ಇಷ್ಟು ಭಾಗವನ್ನು ಮಾತ್ರ.

ಮೊದಲಿಗೆ ಹೆದರಿದ್ದು ಹಿಮಾಲಯದ ವರ್ಣನೆಗೆ. ‘ಅಟಜನಿ ಕಾಂಚೆ ಭೂಮಿಸುರುಡಂಬರಚುಂಬಿ ಶಿರಸ್ಸರಜ್ಝರೀ’ ಎಂದು ಶುರುವಾಗುವ ಆ ಚಂಪಕಮಾಲೆ ವೃತ್ತವು ತೆಲುಗು ಬಲ್ಲವರ ನಾಲಗೆಯ ಮೇಲೇ ಇರುವ ಪದ್ಯ. ಮುಗಿಲು ಮುಟ್ಟುವ ಶಿಖರಗಳಿಂದ ಉರುಳುವ ಝರಿಗಳ ಅಲೆ ಮೃದಂಗದಂತೆ ನುಡಿಯುತ್ತದೆ, ಆ ಲಯಕ್ಕೆ ನವಿಲುಗಳು ಗರಿಗೆದರಿ ಕುಣಿಯುತ್ತವೆ, ತಪ್ಪಲಿನ ಹೆಣ್ಣಾನೆಗಳ ಸೊಂಡಿಲು ತಾಗಿ ಮರಗಳು ಅಲುಗುತ್ತವೆ. ಆದರೆ ಈ ಪದ್ಯ ಒಂದೇ ಸಂಜೆಯಲ್ಲಿ ಮುಗಿದುಹೋಯಿತು. ಸಂಸ್ಕೃತ ಸಮಾಸಗಳು ಎರಡೂ ಭಾಷೆಗಳ ಸಮಾನ ಆಸ್ತಿ. ಅವನ್ನು ಇದ್ದ ಹಾಗೆಯೇ ಉಳಿಸಿಕೊಂಡು, ಕೊನೆಯ ‘ಶೀತಶೈಲಮುನ್’ ಎಂಬುದನ್ನು ‘ಶೀತಶೈಲಮಂ’ ಮಾಡಿದರೆ ಛಂದಸ್ಸೂ ಕೆಡುವುದಿಲ್ಲ. ಮರುದಿನ ಗಟ್ಟಿಯಾಗಿ ಓದಿಕೊಂಡಾಗಲೇ ಗೊತ್ತಾದದ್ದು, ನಾನು ಅನುವಾದ ಮಾಡಿರಲಿಲ್ಲ, ಲಿಪಿ ಬದಲಿಸಿದ್ದೆ ಅಷ್ಟೆ.

ಕಳೆದುಹೋದದ್ದು ಯತಿ. ತೆಲುಗಿನಲ್ಲಿ ಯತಿಯೆಂದರೆ ಸಾಲಿನ ನಡುವಿನ ಬರಿಯ ನಿಲುಗಡೆಯಲ್ಲ. ಚಂಪಕಮಾಲೆಯ ಹನ್ನೊಂದನೆಯ ಅಕ್ಷರವು ಸಾಲಿನ ಮೊದಲ ಅಕ್ಷರದೊಡನೆ ಸ್ನೇಹದಿಂದಿರಬೇಕು, ಎಂದರೆ ದನಿಯಲ್ಲಿ ಹೊಂದಬೇಕು. ಮೇಲಿನ ಸಾಲಿನಲ್ಲಿ ‘ಅಟ’ದ ಅಕಾರಕ್ಕೆ ‘ಭೂಮಿಸುರುಡು+ಅಂಬರ’ ಎಂಬ ಸಂಧಿಯೊಳಗೆ ಅಡಗಿದ ಅಕಾರವು ಓಗೊಡುತ್ತದೆ. ನಮ್ಮಲ್ಲಿ ಎರಡನೆಯ ಅಕ್ಷರದ ಪ್ರಾಸ ಉಂಟು, ಈ ಕಟ್ಟಳೆ ಇಲ್ಲ; ‘ಶಬ್ದಮಣಿದರ್ಪಣ’ ಬರೆದ ವೈಯಾಕರಣ ಕೇಶಿರಾಜನಂತೂ ಯತಿಯನ್ನು ದಾಟುವುದನ್ನೇ ಕನ್ನಡದ ಹೆಗ್ಗಳಿಕೆಗಳಲ್ಲಿ ಒಂದೆಂದು ಎಣಿಸಿದ್ದಾನೆ. ಆದ್ದರಿಂದ ಯತಿಯನ್ನು ಹಟ ಹಿಡಿದು ತರುವ ಆಸೆಯನ್ನು ಬಿಟ್ಟೆ. ವರ್ಣನೆಯನ್ನು ಗದ್ಯದಲ್ಲಿ ಬರೆದು, ಸಂಭಾಷಣೆಯನ್ನು ಮಾತ್ರ ಐದು ಮಾತ್ರೆಯ ಗಣಗಳಲ್ಲಿ ಕಟ್ಟುವುದೆಂದು ನಿಶ್ಚಯಿಸಿದೆ.

ನಿಜವಾದ ಕಷ್ಟ ಎದುರಾದದ್ದು ಅಲ್ಲಿಯೇ. ಪ್ರವರನ ಮೊದಲ ಮಾತು ‘ಎವ್ವತೆವೀವು ಭೀತಹರಿಣೇಕ್ಷಣ’ ಎಂದು. ‘ಎವ್ವತೆ’ಯನ್ನು ‘ಯಾವಳು’ ಎಂದರೆ ಇಂದಿನ ಕನ್ನಡದಲ್ಲಿ ಜಗಳಕ್ಕೆ ನಿಂತಂತಾಗುತ್ತದೆ. ‘ಯಾರಮ್ಮ ನೀನು’ ಎಂದರೆ ಸಂತೆಯಲ್ಲಿ ವಿಚಾರಿಸಿದಂತಿರುತ್ತದೆ. ಕೊನೆಗೆ ‘ಆರು ನೀನು’ ಎಂದಿಟ್ಟೆ. (ಬೆದರಿದ ಜಿಂಕೆಗಣ್ಣಿನವಳೆಂದು ಕರೆಯುವವನೇ ಅಲ್ಲಿ ಹೆಚ್ಚು ಬೆದರಿದವನು ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.) ಅದಕ್ಕೆ ವರೂಥಿನಿಯ ಉತ್ತರ ಹೀಗಿದೆ: ‘ಇಂತಲು ಕನ್ನುಲುಂಡ ತೆರುವೆವ್ವರಿ ವೇಡೆದು ಭೂಸುರೇಂದ್ರ’. ‘ಭೂಸುರೇಂದ್ರ’ನೊಬ್ಬನನ್ನು ಬಿಟ್ಟರೆ ಇಲ್ಲಿ ಎಲ್ಲವೂ ಅಚ್ಚ ತೆಲುಗು, ಎರವಲು ಪಡೆಯಲು ಏನೂ ಇಲ್ಲ. ‘ಇಂತಲು’ (ಇಷ್ಟು ದೊಡ್ಡ) ಎನ್ನುವಾಗ ಅವಳ ಕೈಬೆರಳು ಕಣ್ಣಿನ ಅಗಲವನ್ನು ತೋರಿಸುವುದು ಕೂಡ ಕೇಳಿಸುತ್ತದೆ.

ಎರಡು ವಾರ ತಿಣುಕಿ ‘ಇಷ್ಟಗಲ ಕಣ್ಣಿರಲು ಬಟ್ಟೆಯಾರನು ಕೇಳ್ವೆ’ ಎಂದು ಬರೆದು, ದಾರಿ ಎಂಬರ್ಥದ ಹಳಗನ್ನಡದ ‘ಬಟ್ಟೆ’ಯನ್ನು ಮರಳಿ ಬಳಕೆಗೆ ತಂದೆನೆಂದು ಬೀಗುತ್ತಿದ್ದೆ. ಓದಿ ಹೇಳಿದಾಗ ನನ್ನ ಅಕ್ಕ, ‘ಆ ಬ್ರಾಹ್ಮಣ ಅಷ್ಟು ಚಳಿಯಲ್ಲಿ ಉಡಲು ಬಟ್ಟೆಯಿಲ್ಲದೆ ಹೋಗಿದ್ದನೇನೋ’ ಎಂದಳು. ‘ದಾರಿ ಯಾರನು ಕೇಳ್ವೆ’ ಎಂದು ತಿದ್ದಿದೆ. ಮಾತ್ರೆಯ ಲೆಕ್ಕ ಒಂದಿಷ್ಟೂ ಕದಲಲಿಲ್ಲ. ‘ಭೂಸುರೇಂದ್ರ’ನನ್ನು ಮುಂದಿನ ಸಾಲಿನ ಮೊದಲಿಗೆ ಹಾಗೆಯೇ ಇಟ್ಟೆ, ಏಕೆಂದರೆ ಆ ಗೌರವದ ಸಂಬೋಧನೆಯಲ್ಲಿಯೇ ಅವಳ ಕುಚೋದ್ಯವಿದೆ.

ಪ್ರವರನು ತಳ್ಳಿದಾಗ ಅವನ ಉಗುರು ತಾಗಿದ ಗುರುತನ್ನು ತೋರಿಸಿ ವರೂಥಿನಿ ಅಳುವ ಪದ್ಯವು ಈಗಲೂ ನನ್ನ ಪುಸ್ತಕದಲ್ಲಿ ಗದ್ಯವಾಗಿಯೇ ಉಳಿದಿದೆ. ನೋವಿನ ನೆಪ ಹೂಡಿ ಅತ್ತಳೆಂದು ಪೆದ್ದನನೇ ಹೇಳಿದ್ದರೂ, ಆ ನೆಪದ ಹಿಂದಿರುವುದು ನಿಜವಾದ ದುಃಖವೋ ಬರಿಯ ನಟನೆಯೋ ಎಂಬುದು ನನಗೆ ಬಗೆಹರಿದಿಲ್ಲ. ನಾನು ಕಟ್ಟಿದ ಪ್ರತಿಯೊಂದು ಸಾಲೂ ಎರಡರಲ್ಲಿ ಒಂದು ಕಡೆಗೆ ವಾಲಿಬಿಡುತ್ತಿದೆ.